ಸ್ವಸ್ಥ ಮನಸ್ಸು, ಪೂರ್ಣ ನೆನಪು

ಆ ಪ್ರೊಫೆಸರನ್ನು ನಾನು ಮೊದಲು ನೋಡಿದ್ದು ಲ್ಯಾಪ್‌ಟಾಪಿನ ಪರದೆಯ ಮೇಲೆ, 2020ರಲ್ಲಿ. ಲಾಸ್ ಏಂಜಲೀಸಿನ ಹೊರವಲಯದ ನಾರ್ತ್‌ರಿಜ್‌ನ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ.ಗೆ ಸೇರಿದ್ದೆ. ಕೋವಿಡ್ ಕಾಲವಾದ್ದರಿಂದ ಕ್ಲಾಸುಗಳೆಲ್ಲ ಆನ್‌ಲೈನ್. ಸ್ಯಾನ್ ಡಿಯಾಗೋದ ನಮ್ಮ ಮನೆಯಲ್ಲಿ ಒಂದು ಕೋಣೆ ಗಂಡನ ಆಫೀಸಾಗಿತ್ತು, ಇನ್ನೊಂದು ಮಗಳ ಶಾಲೆಯಾಗಿತ್ತು. ನನಗೆ ಉಳಿದದ್ದು ಬಟ್ಟೆ ಒಗೆಯುವ ಕೋಣೆ. ವಾಷಿಂಗ್ ಮೆಷೀನಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತೇ ಪಾಠ ಕೇಳುತ್ತಿದ್ದೆ.

ಧಾರವಾಡದ ಕೋರ್ಟಿನಲ್ಲಿ ಕೆಲವು ವರ್ಷ ವಕೀಲಿಕೆ ಮಾಡಿದವಳು ನಾನು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕರಿ ಕೋಟು ಸೂಟ್‌ಕೇಸಿನಿಂದ ಹೊರಗೆ ಬರಲೇ ಇಲ್ಲ. ಕೆಲಸ ಮಾಡಲು ಪರವಾನಗಿ ಸಿಗುವ ಹೊತ್ತಿಗೆ ಮಗಳು ಹುಟ್ಟಿದ್ದಳು. ಕೊನೆಗೆ ಓದಲು ಹೊರಟಾಗ ನಾನು ಆರಿಸಿಕೊಂಡ ವಿಷಯ ಕೇಳಿ ಬೆಂಗಳೂರಿನವರಾದ ನನ್ನ ಗಂಡನಿಗೆ ನಗು ಬಂತು.

"ಅಲ್ಲ ಕಣೇ, ಕ್ಯಾಲಿಫೋರ್ನಿಯಾದಲ್ಲಿ ಕೂತ್ಕೊಂಡು ನಾನೂರು ವರ್ಷದ ಹಿಂದಿನ ಇಂಗ್ಲೆಂಡ್ ಚರ್ಚ್ ಕೋರ್ಟ್ ಬಗ್ಗೆ ಓದ್ತೀಯಾ? ಇಲ್ಲೂ ಲಾಯರ್ ಆಗೋಕೆ ಬಾರ್ ಎಕ್ಸಾಮ್‌ಗೆ ಅಪ್ಲೈ ಮಾಡಬಾರದಾ?"

"ಎಕ್ಸಾಮ್ ಆಮ್ಯಾಲೆ ನೋಡೂಣಂತ. ಇದು ನನಗ ಓದಬೇಕು ಅನಿಸೇದ ರೀ," ಎಂದೆ. ಓದು ಮುಗಿಯುವವರೆಗೆ ಅವರು ಮತ್ತೆ ಆ ಮಾತೆತ್ತಲಿಲ್ಲ.

ಆ ಕೋರ್ಟುಗಳ ಬಗ್ಗೆ ನನಗೆ ಕುತೂಹಲ ಹುಟ್ಟಲು ಕಾರಣವಿತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಕೊಲೆ, ಕಳವು, ಜಮೀನಿನ ವ್ಯಾಜ್ಯವೆಲ್ಲ ರಾಜನ ಕೋರ್ಟಿಗೆ ಹೋಗುತ್ತಿದ್ದವು. ಮದುವೆ, ಬೈಗುಳ, ಮೃತ್ಯುಪತ್ರ ಇಂಥವೆಲ್ಲ ಬಿಷಪ್ಪನ ಕೋರ್ಟಿಗೆ. ಅಲ್ಲಿ ಸಾಕ್ಷಿ ಹೇಳಿದವರ ಮಾತುಗಳನ್ನು ಗುಮಾಸ್ತರು ಬರೆದುಕೊಂಡಿದ್ದಾರೆ. ಹಾಲು ಕರೆಯುವವಳು, ಬಡಗಿಯ ಹೆಂಡತಿ, ಕೆಲಸದ ಹುಡುಗಿ, ಬೇರೆಲ್ಲೂ ಉಳಿಯದ ಜನ ಅಲ್ಲಿ ಮಾತಾಡುತ್ತಾರೆ. ನಮ್ಮ ಪ್ರೊಫೆಸರ್ ಬದುಕಿಡೀ ಆ ಮಾತುಗಳನ್ನೇ ಓದಿದವರು. ನಿವೃತ್ತರಾದ ಮೇಲೂ ವರ್ಷಕ್ಕೊಂದು ಕ್ಲಾಸು ತೆಗೆದುಕೊಳ್ಳುತ್ತಿದ್ದರು.

ಪರದೆಯ ಮೇಲೆ ಅವರು ಯಾವಾಗಲೂ ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದರು. ಕ್ಯಾಮೆರಾ ಎಲ್ಲಿದೆ ಎಂದು ಗೊತ್ತಿಲ್ಲವೇನೋ ಎಂದು ಉಳಿದ ವಿದ್ಯಾರ್ಥಿಗಳು ತಮಾಷೆ ಮಾಡುತ್ತಿದ್ದರು. ಒಂದು ದಿನ ಕ್ಲಾಸು ಮುಗಿದ ಮೇಲೆ, "ಸ್ಯಾನ್ ಡಿಯಾಗೋ ಕಡೆ ಇರುವವರು ಯಾರಾದರೂ ಇದ್ದೀರಾ? ನನಗೆ ಓದಿ ಹೇಳುವವರು ಬೇಕು," ಎಂದರು. ಎಲ್ಲರೂ ಲಾಸ್ ಏಂಜಲೀಸಿನವರು. ನಾನು ಕೈ ಎತ್ತಿದೆ.

ಅವರ ಮನೆ ನಮ್ಮೂರಿನ ಪಕ್ಕದ ಡೆಲ್ ಮಾರ್‌ನಲ್ಲಿ, ಸಮುದ್ರದ ಕಡೆಗೆ ಇಳಿಯುವ ಒಂದು ಸಣ್ಣ ರಸ್ತೆಯಲ್ಲಿತ್ತು. ಹಿತ್ತಿಲಲ್ಲಿ ಒಂದು ನಿಂಬೆ ಗಿಡ, ಅದರ ಕೆಳಗೆ ಎರಡು ಕುರ್ಚಿ. ಮಾಸ್ಕ್ ಹಾಕಿಕೊಂಡು ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತೆವು. ಮೊದಲ ದಿನವೇ ಹೇಳಿಬಿಟ್ಟರು. ಅವರ ಕಣ್ಣಿನ ನಡುಭಾಗ ಹೋಗುತ್ತಿತ್ತು. ಅಂಚಿನಲ್ಲಿ ಇರುವುದೆಲ್ಲ ಕಾಣುತ್ತದೆ: ಬೇಲಿ, ಬಾಗಿಲು, ಬರುವ ಕಾರು. ಆದರೆ ಯಾವುದನ್ನು ನೇರವಾಗಿ ನೋಡುತ್ತಾರೋ ಅದೇ ಕಾಣುವುದಿಲ್ಲ. ಅಕ್ಷರ ಕಾಣುವುದಿಲ್ಲ, ಮುಖ ಕಾಣುವುದಿಲ್ಲ.

"ಇದು ನಿನಗೆ ಮಾತ್ರ ಗೊತ್ತಿರಲಿ," ಎಂದರು. "ನನ್ನ ಮಗನಿಗೂ ಹೇಳಿಲ್ಲ. ಹೇಳಿದರೆ ಮಾರನೆಯ ದಿನವೇ ನನ್ನನ್ನು ಯಾವುದೋ ವೃದ್ಧರ ಹೋಮ್‌ಗೆ ಸೇರಿಸುತ್ತಾನೆ."

ಅವರು ಆಡಿದ್ದೆಲ್ಲ ಇಂಗ್ಲಿಷು. ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿಯೇ ಕೂತಿದೆ, ನಮ್ಮ ಸೋದರತ್ತೆ ಮಾತಾಡಿದ ಹಾಗೆ. ಹೆಸರು ಹಿಡಿದೇ ಕರೆ ಎಂದು ಅವರು ಎಷ್ಟೋ ಸಲ ಹೇಳಿದರು. ನನ್ನ ಬಾಯಿಗೆ ಅದು ಬರಲಿಲ್ಲ. ಮೇಡಂ ಎಂದೇ ಕರೆದೆ.

ಶನಿವಾರಗಳು ಅವರಿಗೆ ಮೀಸಲಾದವು. ಹಳೆಯ ಕೈಬರಹದ ಪ್ರತಿಗಳನ್ನು ನಾನು ದೊಡ್ಡದು ಮಾಡಿಕೊಂಡು ಓದುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಆ ಬರಹದಲ್ಲಿ ಒಂದು ಅಕ್ಷರ ಇನ್ನೊಂದರಂತೆ ಕಾಣುತ್ತದೆ. ನಾನು ತಡವರಿಸಿದಾಗ, "ಆ ಅಕ್ಷರಕ್ಕೆ ಕೆಳಗೆ ಬಾಲ ಇದೆಯಾ? ಎಡಕ್ಕೆ ತಿರುಗಿದೆಯಾ?" ಎಂದು ಕೇಳಿ, ಕಾಣದೆಯೇ ಪದ ಹೇಳಿಬಿಡುತ್ತಿದ್ದರು. ನಡುನಡುವೆ ಲ್ಯಾಟಿನ್ ಬರುತ್ತಿತ್ತು. ನಾನು ಅದನ್ನು ಬರೆದಂತೆಯೇ, ಪ್ರತಿ ಸ್ವರವನ್ನೂ ಬಿಡದೆ ಓದುತ್ತಿದ್ದೆ. ಧಾರವಾಡದಲ್ಲಿ ಇಂಗ್ಲಿಷನ್ನೂ ಹಾಗೇ ಓದುವವಳೆಂದು ನಾನು ಕಾಲೇಜಿನಲ್ಲಿ ಬೈಸಿಕೊಂಡಿದ್ದೆ. ಅವರಿಗೆ ಮಾತ್ರ ಅದು ಇಷ್ಟವಾಯಿತು. "ಅಮೆರಿಕದ ಹುಡುಗರು ಅರ್ಧ ಅಕ್ಷರ ನುಂಗುತ್ತಾರೆ. ನೀನು ಓದಿದರೆ ಪದ ಪೂರ್ತಿ ಕೇಳುತ್ತದೆ," ಎಂದರು.

ನಾವು ಓದುತ್ತಿದ್ದುದು ಒಬ್ಬ ವಿಧವೆಯ ಮೃತ್ಯುಪತ್ರದ ವ್ಯಾಜ್ಯ. ಹಳ್ಳಿಯ ಮುದುಕಿ, ಹಾಸಿಗೆ ಹಿಡಿದಿದ್ದಳು. ಬಾಯಿಮಾತಿನಲ್ಲೇ ತನ್ನ ಸಾಮಾನನ್ನೆಲ್ಲ ಹಂಚಿ ತೀರಿಕೊಂಡಳು. ಅವಳ ಅಣ್ಣನ ಮಗ ಕೋರ್ಟಿಗೆ ಬಂದು, ಅವಳಿಗೆ ಕೊನೆಯ ದಿನಗಳಲ್ಲಿ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಎಂದ. ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದ್ದಾರೆ: ಅವಳ ಮನಸ್ಸು ಸ್ವಸ್ಥವಾಗಿತ್ತೇ, ನೆನಪು ಪೂರ್ಣವಾಗಿತ್ತೇ?

ಆ ಸಾಲು ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ಧಾರವಾಡದಲ್ಲಿ ನಮ್ಮ ಸೀನಿಯರ್ ಕೈಕೆಳಗೆ ನಾನು ಎಷ್ಟು ಮೃತ್ಯುಪತ್ರ ಟೈಪು ಮಾಡಿಸಿದ್ದೇನೋ ಲೆಕ್ಕವಿಲ್ಲ. ಎಲ್ಲದರಲ್ಲೂ ಈ ಮಾತು ಇರುತ್ತಿತ್ತು: "ನಾನು ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯಕ್ಕೂ ಒಳಗಾಗದೆ ಬರೆಸಿದ್ದು." ಅದು ಎಲ್ಲಿಂದ ಬಂತೆಂದು ಯಾವತ್ತೂ ಯೋಚಿಸಿರಲಿಲ್ಲ. ಬಿಷಪ್ಪನ ಗುಮಾಸ್ತ ಬರೆದ ಮಾತು ಸಮುದ್ರ ದಾಟಿ ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದಿನ ಟೈಪಿಸ್ಟನ ಬೆರಳಿಗೆ ಬಂದಿತ್ತು. ಇದನ್ನು ಹೇಳಿದಾಗ ಮೇಡಂ ಬಹಳ ಖುಷಿಪಟ್ಟರು. ಕನ್ನಡದ ಆ ವಾಕ್ಯವನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಂಡರು.

ಸಾಕ್ಷಿಗಳು ಹೇಳಿದ್ದು ಇನ್ನೂ ಚೆನ್ನಾಗಿತ್ತು. ಯಾರೂ ಬುದ್ಧಿ, ಮನಸ್ಸು ಎಂದು ದೊಡ್ಡ ಮಾತಾಡಿಲ್ಲ. ಪಕ್ಕದ ಮನೆಯವಳು ಹೇಳುತ್ತಾಳೆ: ನಾನು ಒಳಗೆ ಬಂದಾಗ ದನಿಯಿಂದಲೇ ಗುರುತು ಹಿಡಿದು, ಕೋಳಿಗಳಿಗೆ ಕಾಳು ಹಾಕಿದಿರಾ ಎಂದು ಕೇಳಿದಳು. ಇನ್ನೊಬ್ಬಳು ಹೇಳುತ್ತಾಳೆ: ಹಿತ್ತಾಳೆಯ ಪಾತ್ರೆ ಯಾರಿಗೆಂದು ನಾನು ಕೇಳಿದೆ. ಅದನ್ನು ಆಗಲೇ ಹೇಳಿದ್ದೇನೆ, ನಿನಗೇ ನೆನಪಿಲ್ಲ ಎಂದು ನನ್ನನ್ನೇ ಬೈದಳು.

2021ರಲ್ಲಿ ಕಾಲೇಜು ತೆರೆಯಿತು. ವಾರದಲ್ಲಿ ಮೂರು ದಿನ ನಾರ್ತ್‌ರಿಜ್‌ನಲ್ಲಿ ಇಬ್ಬರು ವಿದ್ಯಾರ್ಥಿನಿಯರ ಜೊತೆ ಅಪಾರ್ಟ್‌ಮೆಂಟ್ ಹಂಚಿಕೊಂಡು ಇರತೊಡಗಿದೆ. ಶುಕ್ರವಾರ ಡ್ರೈವ್ ಮಾಡಿಕೊಂಡು ಮನೆಗೆ, ಶನಿವಾರ ಡೆಲ್ ಮಾರ್‌ಗೆ. ಅವರನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋಗುತ್ತಿದ್ದುದೂ ನಾನೇ.

ಮರುವರ್ಷದ ವಸಂತದಲ್ಲಿ ಅವರ ಅಡಿಗೆಮನೆಗೆ ಬೆಂಕಿ ಬಿತ್ತು. ಒಲೆಯ ಪಕ್ಕದಲ್ಲಿ ಒರೆಸುವ ಬಟ್ಟೆ ಇಟ್ಟಿದ್ದು ಅವರಿಗೆ ಕಂಡಿರಲಿಲ್ಲ. ಪಕ್ಕದವರು ಫೋನ್ ಮಾಡಿದ ಮೇಲೆ ಅಗ್ನಿಶಾಮಕದವರು ಬಂದರು. ಕಿಟಕಿಯ ಪರದೆಯೂ ಒಂದು ಕಪಾಟೂ ಸುಟ್ಟಿದ್ದವು, ಅವರಿಗೆ ಏನೂ ಆಗಿರಲಿಲ್ಲ. ಆದರೆ ಸುದ್ದಿ ಮಗನಿಗೆ ಮುಟ್ಟಿತು. ಕೆಲವು ವಾರಗಳಲ್ಲಿ ಕೋರ್ಟಿನಿಂದ ಕಾಗದ ಬಂತು. ಮಗ ಕನ್ಸರ್ವೇಟರ್‌ಶಿಪ್‌ಗೆ ಅರ್ಜಿ ಹಾಕಿದ್ದರು. ಅಂದರೆ, ತಾಯಿಗೆ ತನ್ನ ಬದುಕನ್ನು ತಾನು ನೋಡಿಕೊಳ್ಳುವ ಶಕ್ತಿ ಉಳಿದಿಲ್ಲ, ಎಲ್ಲಿರಬೇಕು, ಏನು ಚಿಕಿತ್ಸೆ ಎಂದು ನಿರ್ಧರಿಸುವ ಅಧಿಕಾರ ನನಗೆ ಕೊಡಿ ಎಂಬ ಕೋರಿಕೆ.

ಆ ಕಾಗದವನ್ನು ಅವರಿಗೆ ಓದಿ ಹೇಳಬೇಕಾದವಳೂ ನಾನೇ ಆದೆ. ಪೂರ್ತಿ ಕೇಳಿಸಿಕೊಂಡರು. "ಇಂಗ್ಲಿಷು ಬಹಳ ಕೆಟ್ಟದಾಗಿದೆ," ಎಂದರು. ಮಡಿಲಲ್ಲಿದ್ದ ಕೈ ಮಾತ್ರ ಸೀರೆಯ ಸೆರಗು ಹುಡುಕುವ ಹೆಂಗಸಿನ ಕೈಯಂತೆ ಶರ್ಟಿನ ಅಂಚನ್ನು ಹಿಡಿದು ಹಿಡಿದು ಬಿಡುತ್ತಿತ್ತು.

ಮಗ ನಾರ್ತ್‌ರಿಜ್ ಇರುವ, ಎಲ್ಲರೂ ವ್ಯಾಲಿ ಎನ್ನುವ ಆ ಕಣಿವೆಯಲ್ಲೇ, ಕಾಲೇಜಿನಿಂದ ಹೆಚ್ಚು ದೂರವಿಲ್ಲದ ಕಡೆ ಇದ್ದರು. ತಾಯಿಯ ಮನೆಗೆ ವಾರ ವಾರ ಬರುವವಳು ನಾನೆಂದು ತಿಳಿದು ನನಗೆ ಫೋನ್ ಮಾಡಿದರು. ಕಾಲೇಜಿನ ಹತ್ತಿರದ ಕಾಫಿ ಅಂಗಡಿಯಲ್ಲಿ ಭೇಟಿಯಾದೆವು. ಆಸ್ತಿಯ ಮೇಲೆ ಕಣ್ಣಿಟ್ಟ ಮನುಷ್ಯನೊಬ್ಬ ಬರುತ್ತಾನೆಂದು ಲಾಯರಿನ ಬುದ್ಧಿಯಲ್ಲಿ ಸಿದ್ಧಳಾಗಿ ಹೋಗಿದ್ದೆ. ಬಂದವರು ಐವತ್ತು ದಾಟಿದ, ನಿದ್ದೆಗೆಟ್ಟ ಮುಖದ ಒಬ್ಬ ಮೆತ್ತನೆಯ ಮನುಷ್ಯ. ಕಾಫಿ ಮುಟ್ಟಲೇ ಇಲ್ಲ.

"ನೀವು ಅಮ್ಮನನ್ನು ವಾರ ವಾರ ನೋಡುತ್ತೀರಿ. ನಿಮಗೆ ಏನೂ ಅನಿಸಿಲ್ಲವಾ?" ಎಂದು ಕೇಳಿದರು. "ಕ್ರಿಸ್‌ಮಸ್‌ಗೆ ಬಂದಾಗ ನನ್ನ ಮಗಳನ್ನು ನೋಡಿ ಅವಳ ತಮ್ಮನ ಹೆಸರು ಹಿಡಿದು ಕರೆದಳು. ನಾನು ಫೋಟೋ ತೋರಿಸಿದರೆ, ಚೆನ್ನಾಗಿದೆ ಅಂದಳು. ಅದು ನಮ್ಮ ಅಪ್ಪನ ಸಮಾಧಿಯ ಫೋಟೋ."

ಮೇಡಂಗೆ ಕಂಡಿರಲಿಲ್ಲ, ಅಷ್ಟೆ. ಊಹೆ ಮಾಡಿ ಉತ್ತರ ಕೊಟ್ಟಿದ್ದರು. ಆ ಊಹೆಯನ್ನು ಮಗ ಮರೆವು ಎಂದುಕೊಂಡಿದ್ದರು.

"ಅಪ್ಪನಿಗೆ ಮರೆವಿನ ಕಾಯಿಲೆ ಬಂದಾಗಲೂ ಇವಳು ಎಲ್ಲ ಸರಿಯಾಗಿದೆ ಅಂತಲೇ ಹೇಳುತ್ತಿದ್ದಳು," ಎಂದು ಅವರು ಮುಂದುವರಿಸಿದರು. "ಅವರು ಕಾರು ತೆಗೆದುಕೊಂಡು ಹೋಗಿ ಮರುಭೂಮಿಯಲ್ಲಿ ದಾರಿ ತಪ್ಪಿದ ದಿನ ನನಗೆ ಗೊತ್ತಾಯಿತು. ಈ ಸಲ ಹಾಗೆ ಆಗಬಾರದು."

ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅದು ನನ್ನ ಗುಟ್ಟಲ್ಲ. "ನೀವು ಅವರನ್ನೇ ಒಮ್ಮೆ ಕೂತು ಕೇಳಿ," ಎಂದಷ್ಟೇ ಹೇಳಿದೆ. ಅವರು ನನ್ನನ್ನು ನೋಡಿದರು, ಇನ್ನೇನೋ ಇದೆ ಎಂದು ಅವರಿಗೂ ಅನಿಸಿರಬೇಕು. ಕಾರಿನಲ್ಲಿ ಕೂತ ಮೇಲೆ ಬಹಳ ಹೊತ್ತು ಸ್ಟಾರ್ಟ್ ಮಾಡಲಾಗಲಿಲ್ಲ.

ಮೇಡಂಗೆ ಕೋರ್ಟು ಒಬ್ಬ ವಕೀಲೆಯನ್ನು ಕೊಟ್ಟಿತ್ತು. ಹತ್ತಿರದಿಂದ ಬಲ್ಲವರ ಹೇಳಿಕೆ ಬೇಕು ಎಂದು ಆಕೆ ಕೇಳಿದ್ದರಿಂದ, ನಾನೂ ಒಂದು ಬರೆಯಲು ಒಪ್ಪಿಕೊಂಡೆ. ಎಷ್ಟೋ ವರ್ಷಗಳ ಮೇಲೆ ಕೋರ್ಟಿಗೆ ಬರೆಯುತ್ತಿದ್ದೇನೆಂಬ ಹುರುಪು ನನಗೆ. ಮಗನ ಅರ್ಜಿಯ ಒಂದೊಂದು ಸಾಲನ್ನೂ ಹಿಡಿದು ಖಂಡಿಸಿದ್ದೆ. ಅವರು ವರ್ಷಕ್ಕೆ ಎಷ್ಟು ಸಲ ತಾಯಿಯನ್ನು ನೋಡಲು ಬರುತ್ತಾರೆ ಎಂಬುದನ್ನೂ ಬಿಟ್ಟಿರಲಿಲ್ಲ. ಶನಿವಾರ ನಿಂಬೆ ಗಿಡದ ಕೆಳಗೆ ಕೂತು ಅದನ್ನು ಅವರಿಗೆ ಓದಿದೆ.

ಮುಗಿದ ಮೇಲೆ ಅವರು ಕೇಳಿದರು: "ನೀನು ಯಾರು ಇದರಲ್ಲಿ? ಸಾಕ್ಷಿಯೋ, ವಕೀಲೆಯೋ?"

"ನಿಮ್ಮ ಪರ," ಎಂದೆ.

"ನಾವು ಎರಡು ವರ್ಷ ಏನು ಓದಿದೆವು? ಅಣ್ಣನ ಮಗ ದುರಾಸೆಯವನು ಎಂದ ಸಾಕ್ಷಿಯ ಮಾತು ನಿನಗೆ ನೆನಪಿದೆಯಾ? ನನಗಂತೂ ಇಲ್ಲ. ಕೋಳಿಗೆ ಕಾಳು ಹಾಕಿದಿರಾ ಎಂದು ಕೇಳಿದಳು ಎಂದವಳ ಮಾತು ನೆನಪಿದೆ. ನೋಡಿದ್ದನ್ನು ಬರಿ. ಅವನ ಬಗ್ಗೆ ಒಂದು ಮಾತೂ ಬೇಡ."

ನನಗೆ ಅವಮಾನಕ್ಕಿಂತ ಹೆಚ್ಚು ಸಿಟ್ಟು ಬಂತು. "ನೋಡಿದ್ದನ್ನು ಬರೆಯುವುದಾದರೆ ನಿಮ್ಮ ಕಣ್ಣಿನ ವಿಷಯವನ್ನೂ ಬರೆಯಬೇಕಾಗುತ್ತದೆ, ಮೇಡಂ. ನಾನು ಎರಡು ವರ್ಷದಿಂದ ನೋಡಿದ್ದು ಅದನ್ನೇ."

ಸರ್ಫ್ ಬೋರ್ಡುಗಳನ್ನು ಹೊತ್ತ ಹುಡುಗರು ರಸ್ತೆಯಲ್ಲಿ ನಗುತ್ತ ಇಳಿದು ಹೋದರು. ಅವರ ದನಿ ಪೂರ್ತಿ ಅಡಗುವವರೆಗೂ ಮೇಡಂ ಆ ಕಡೆಯೇ ಕಿವಿಯಿಟ್ಟು ಕೂತಿದ್ದರು. ನಾನು ಕಾಫಿ ಅಂಗಡಿಯಲ್ಲಿ ಕೇಳಿದ್ದನ್ನು ಹೇಳಿದೆ, ಮೊದಲು ಮೊಮ್ಮಗಳ ಹೆಸರು ತಪ್ಪಿದ್ದನ್ನು, ಆಮೇಲೆ ಫೋಟೋ ವಿಷಯವನ್ನು.

"ಯಾವ ಫೋಟೋ?" ಎಂದರು.

ಹೇಳಿದೆ. ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಮೇಡಂ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಷ್ಟು ದಿನ ಆ ತುದಿಯ ಕುರ್ಚಿಯಲ್ಲೇ ಕೂರುತ್ತಿದ್ದವಳು ಎದ್ದು ಹೋಗಿ ಅವರ ಭುಜ ಹಿಡಿದುಕೊಂಡೆ.

ಕಣ್ಣೊರೆಸಿಕೊಂಡು ಹೇಳಿದರು: "ಕಾಣುವುದಿಲ್ಲ ಎಂದರೆ ಕೆಲಸ ಮುಗಿಯಿತು ಎಂದು ಅರ್ಥ. ಓದುವುದು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ. ಅದಕ್ಕೇ ಹೇಳಲಿಲ್ಲ." ಆಮೇಲೆ, "ನಿನ್ನ ಕಾಗದಕ್ಕಿಂತ ಮೊದಲು ಅವನಿಗೆ ನಾನು ಹೇಳಬೇಕು. ಅವನಿಗೆ ಇದು ಮೊದಲ ಸಲ ಕೋರ್ಟಿನಲ್ಲಿ ಗೊತ್ತಾಗಬಾರದು," ಎಂದರು.

ನಾವು ಓದುತ್ತಿದ್ದ ಆ ಹಳೆಯ ಇಂಗ್ಲೆಂಡಿನಲ್ಲಿ ಒಂದು ಪದ್ಧತಿಯಿತ್ತು. ಜಗಳವಾಡಿಕೊಂಡವರು ರಾಜಿಯಾಗದೆ ಈಸ್ಟರ್ ಹಬ್ಬದ ಪ್ರಸಾದ ತೆಗೆದುಕೊಳ್ಳುವಂತಿರಲಿಲ್ಲ. ಹಾಗಾಗಿ ಹಬ್ಬ ಹತ್ತಿರ ಬಂದಾಗ ಊರಿನ ಪಾದ್ರಿ, ನೆರೆಹೊರೆಯವರು ಸೇರಿ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಿದ್ದರು. ಎಷ್ಟೋ ವ್ಯಾಜ್ಯಗಳು ತೀರ್ಪೇ ಇಲ್ಲದೆ ಕಡತದಿಂದ ಮಾಯವಾಗುವುದು ಅದಕ್ಕೇ. ಮೇಡಂ ದೇವರನ್ನು ನಂಬಿದವರಲ್ಲ. ಆದರೂ ಅಂದು, "ಆ ಜನರಿಗೆ ಒಂದು ವಿಷಯ ಗೊತ್ತಿತ್ತು. ಗೆದ್ದ ಮೇಲೂ ಅದೇ ಊರಿನಲ್ಲಿ ಬದುಕಬೇಕು," ಎಂದರು.

ಮುಂದಿನ ಭಾನುವಾರ ಮಗ ಬಂದರು. ನಾನು ಹೊರಡುತ್ತೇನೆಂದರೆ ಮೇಡಂ ಬಿಡಲಿಲ್ಲ. ಮೂವರೂ ಹಿತ್ತಿಲಲ್ಲಿ ಕೂತೆವು. ಮೇಡಂ ಸುತ್ತಿ ಬಳಸಿ ಹೇಳಲಿಲ್ಲ.

"ನಿನ್ನ ಮುಖ ನನಗೆ ಕಾಣುವುದಿಲ್ಲ. ಮೂರು ವರ್ಷವಾಯಿತು. ನೀನು ನನ್ನ ಎದುರು ಕೂತರೆ ನಿನ್ನ ಕಿವಿ, ಭುಜ ಕಾಣುತ್ತದೆ. ನಡುವೆ ಮಬ್ಬು."

ಮಗ ಎದ್ದು ನಿಂತರು, ಮತ್ತೆ ಕೂತರು. "ಮೂರು ವರ್ಷ? ಅಮ್ಮಾ, ನಾನು ಡಾಕ್ಟರನ್ನೆಲ್ಲ ಕೇಳಿಕೊಂಡು ತಿರುಗಾಡಿದ್ದೇನೆ. ನಿನಗೆ ಅಪ್ಪನ ಕಾಯಿಲೆ ಬಂತು ಅಂತ ರಾತ್ರಿಯೆಲ್ಲ ನಿದ್ದೆಯಿಲ್ಲ. ಇವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ."

ಆ ಕೊನೆಯ ಮಾತು ನನಗೆ ಚುಚ್ಚಿತು. ಚುಚ್ಚಬೇಕಾದದ್ದೇ. ಮೇಡಂ ಕ್ಷಮೆ ಕೇಳಿದರು. "ನಾನು ನಿನ್ನಿಂದ ಎರಡನೇ ಸಲ ಮುಚ್ಚಿಟ್ಟೆ. ಮೊದಲನೆಯದು ನಿಮ್ಮ ಅಪ್ಪನದು," ಎಂದರು. ನಂತರ ಪಕ್ಕಕ್ಕೆ ತಿರುಗಿ, ಕಣ್ಣಿನ ಅಂಚಿನಿಂದ ಮಗನನ್ನು ನೋಡಲು ಪ್ರಯತ್ನಿಸಿದರು. ಮಗ ಮೊದಲು ಅರ್ಥವಾಗದೆ ಅವರ ಎದುರಿಗೇ ಸರಿದರು. ಆಮೇಲೆ ಅವರಿಗೆ ಹೊಳೆಯಿತು. ಕುರ್ಚಿ ಎಳೆದುಕೊಂಡು ತಾಯಿಯ ಪಕ್ಕಕ್ಕೆ ಬಂದು, ಅವರಿಗೆ ಕಾಣುವ ಕಡೆ ಕೂತರು.

ಅಷ್ಟಕ್ಕೇ ಎಲ್ಲ ಸರಿಹೋಯಿತೆಂದಲ್ಲ. ಇಬ್ಬರೂ ಹಟದವರು. ಮಗ ಅರ್ಜಿ ಹಿಂತೆಗೆದುಕೊಳ್ಳುವ ಮೊದಲು ನೆನಪಿನ ಪರೀಕ್ಷೆ ಆಗಲೇಬೇಕೆಂದರು. ಕೋರ್ಟಿನ ಕಡೆಯಿಂದ ಮಾತಾಡಿಸಲು ಬಂದ ತನಿಖಾಧಿಕಾರಿಗೆ ಮೇಡಂ ಚಹಾ ಕೊಟ್ಟು, ಹಳೆಯ ಇಂಗ್ಲೆಂಡಿನಲ್ಲಿ ಬುದ್ಧಿಯ ಪರೀಕ್ಷೆಗೆ ವಾರದ ದಿನಗಳ ಹೆಸರು ಕೇಳುತ್ತಿದ್ದರು, ಬಟ್ಟೆ ಅಳೆಯಲು ಹೇಳುತ್ತಿದ್ದರು ಎಂದು ವಿವರಿಸಿದರಂತೆ. ಆತ ನಗುತ್ತಾ, ನಾನು ಕೇಳುವುದೂ ಹೆಚ್ಚುಕಡಿಮೆ ಅದನ್ನೇ ಎಂದನಂತೆ. ಪರೀಕ್ಷೆಯಲ್ಲಿ ಮರೆವಿನ ಕಾಯಿಲೆಯ ಲಕ್ಷಣ ಕಾಣಲಿಲ್ಲ. ನಾನು ಹೊಸದಾಗಿ ಬರೆದ ಹೇಳಿಕೆ ಒಂದೂವರೆ ಪುಟದ್ದಾಗಿತ್ತು. ಅಕ್ಷರದ ಬಾಲ ಎಡಕ್ಕಿದೆಯಾ ಎಂದು ಕೇಳಿ ಪದ ಹೇಳುತ್ತಿದ್ದುದನ್ನೂ, ಒಲೆಯ ಪಕ್ಕದ ಬಟ್ಟೆ ಕಾಣದ್ದನ್ನೂ, ಎರಡನ್ನೂ ಬರೆದಿದ್ದೆ. ಅದನ್ನು ಯಾರಾದರೂ ಓದಿದರೋ ಇಲ್ಲವೋ ಗೊತ್ತಿಲ್ಲ. ವಿಚಾರಣೆಗೆ ಮೊದಲೇ ಮಗ ಅರ್ಜಿ ಹಿಂತೆಗೆದುಕೊಂಡರು.

ಬದಲಿಗೆ ಅಮ್ಮ ಮಗ ಕೂತು ಒಪ್ಪಂದ ಮಾಡಿಕೊಂಡರು. ಗ್ಯಾಸ್ ಒಲೆ ಹೋಗಿ, ತಾನೇ ಆರಿಹೋಗುವ ಕರೆಂಟಿನ ಒಲೆ ಬಂತು. ಬೆಳಗಿನ ಹೊತ್ತು ಸಹಾಯಕ್ಕೆ ಒಬ್ಬ ಹೆಂಗಸು. ಆಸ್ಪತ್ರೆಯ ವಿಷಯದಲ್ಲಿ ಮಗ ಮಾತಾಡಬಹುದು. ಮನೆ ಬಿಡುವುದು ಮಾತ್ರ ಮೇಡಂ ತಾವೇ ಹೇಳಿದಾಗ. ಮೊದಲ ಕೆಲವು ತಿಂಗಳು ಅವರು ಹೊಸ ಒಲೆಯನ್ನು ಬೈಯದ ದಿನವಿರಲಿಲ್ಲ. ಮಗನೂ ನನ್ನೊಂದಿಗೆ ಬಿಗಿಯಾಗಿಯೇ ಇದ್ದರು. ಅದನ್ನು ಸಡಿಲಿಸಿದ್ದು ನನ್ನ ಮಗಳು. ಒಂದು ಶನಿವಾರ ಅವಳನ್ನೂ ಡೆಲ್ ಮಾರ್‌ಗೆ ಕರೆದುಕೊಂಡು ಹೋಗಿದ್ದೆ. ಮೇಡಂ ಮೊಮ್ಮಗಳೂ ಬಂದಿದ್ದಳು. ಇಬ್ಬರೂ ಬೀಚಿಗೆ ಹೋಗಿ ಮರಳು ಮೆತ್ತಿಕೊಂಡು ಬಂದ ಮೇಲೆ ನಾವು ದೊಡ್ಡವರೂ ನಕ್ಕು ಮಾತಾಡಲೇಬೇಕಾಯಿತು.

"ನೀ ಆ ಅಕ್ಕನ ಜೋಡಿ ಏನ್ ಆಡಿದಿ?" ಎಂದು ವಾಪಸು ಬರುವಾಗ ಮಗಳನ್ನು ಕೇಳಿದೆ.

"ಶೀ ಈಸ್ ನಾಟ್ ಅಕ್ಕ, ಅಮ್ಮಾ. ಶೀ ಈಸ್ ಮೈ ಫ್ರೆಂಡ್," ಎಂದಳು.

ಎಂ.ಎ. ಮುಗಿದು ಎರಡು ವರ್ಷದ ಮೇಲಾಯಿತು. ಪದವಿ ಸಮಾರಂಭಕ್ಕೆ ಮೇಡಂ ನಾರ್ತ್‌ರಿಜ್‌ಗೆ ಬಂದಿದ್ದರು, ಮಗನೇ ಡೆಲ್ ಮಾರ್‌ಗೆ ಹೋಗಿ ಕರೆತಂದರು. ವ್ಯಾಲಿಯ ಬಿಸಿಲಿಗೆ ಹುಬ್ಬಳ್ಳಿಯ ಬೇಸಿಗೆ ನೆನಪಾಗುತ್ತಿತ್ತು. ನನ್ನ ಗಂಡ ಅವರಿಗೆ ಕೊಡೆ ಹಿಡಿದು ನಿಂತಿದ್ದರು. "ಮೇಡಂ, ನನ್ನ ವೈಫ್ ಈಗಲಾದ್ರೂ ಬಾರ್ ಎಕ್ಸಾಮ್ ಬರೀತಾಳಾ ಕೇಳಿ," ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಅವಳು ವಕೀಲೆಯಾಗುವುದಕ್ಕಿಂತ ಸಾಕ್ಷಿಯಾಗುವುದು ಒಳ್ಳೆಯದು," ಎಂದರು ಮೇಡಂ. ನಾನು ಆ ಪರೀಕ್ಷೆ ಬರೆಯಲಿಲ್ಲ. ಈಗ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳುತ್ತೇನೆ.

ಶನಿವಾರಗಳ ಓದು ಈಗಲೂ ನಡೆದಿದೆ. ಮೇಡಂಗೆ ಈಗ ಅಂಚುಗಳೂ ಮಸುಕಾಗಿವೆ. ವಿಧವೆಯ ವ್ಯಾಜ್ಯ ಮುಗಿಸಿ, ಚರ್ಚಿನಲ್ಲಿ ಮುಂದಿನ ಬೆಂಚು ಯಾರದೆಂದು ಜಗಳವಾಡಿ ಒಬ್ಬರನ್ನೊಬ್ಬರು ತಳ್ಳಿದ ಇಬ್ಬರು ಗೃಹಿಣಿಯರ ಪ್ರಕರಣ ಹಿಡಿದಿದ್ದೇವೆ. ನನಗೆ ಬರಲಾಗದ ವಾರ ಮಗ ಫೋನಿನಲ್ಲಿ ಓದುತ್ತಾರೆ. ಅಕ್ಷರ ತಿಳಿಯದೆ ಪದೇ ಪದೇ ನಿಲ್ಲುತ್ತಾರಂತೆ. ಹೋದ ವಾರ ಒಂದೇ ಪುಟಕ್ಕೆ ಇಡೀ ಬೆಳಗು ಹಿಡಿಯಿತೆಂದು ಮೇಡಂ ದೂರಿದರು. ದೂರಿದ ಮೇಲೆ, ಅವರಿಬ್ಬರೂ ಆ ಬೆಳಗಿಡೀ ಏನೇನು ಮಾತಾಡಿದರೆಂದು ನನಗೆ ಒಂದೂ ಬಿಡದೆ ಹೇಳಿದರು.